ಸವಾನಾದ ಹಳೆಯ ಗೋಡೆಗೆ ಸುಣ್ಣದ ಗಾರೆ

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ನಾವು ಕೊಂಡ, 1850ರ ದಶಕದ ಮನೆಯ ಹೊರಗೋಡೆಯ ಇಟ್ಟಿಗೆಗಳು ಬೆರಳು ತಾಗಿಸಿದರೂ ಹಪ್ಪಳದಂತೆ ಪದರಪದರವಾಗಿ ಉದುರುತ್ತಿದ್ದವು. ಇವು ಸವಾನಾ ಬಳಿಯ ಹರ್ಮಿಟೇಜ್ ಎಂಬ ತೋಟದಲ್ಲಿ ಗುಲಾಮರ ಕೈಯಿಂದ ಮಾಡಿಸಿದ, ‘ಸವಾನಾ ಗ್ರೇ’ ಎಂದು ಹೆಸರಾದ ಮೆದು ಇಟ್ಟಿಗೆಗಳು. ಇಂಥ ಮನೆಗಳ ಚೆಲುವನ್ನು ಹೊಗಳುವವರು ಈ ಮಾತನ್ನು ಎತ್ತುವುದು ಕಡಿಮೆ. ನಮಗಿಂತ ಮುಂಚೆ ಮನೆಯಲ್ಲಿದ್ದವರು ಇಟ್ಟಿಗೆಗಳ ನಡುವಿನ ಸಂದುಗಳಿಗೆ ಸಿಮೆಂಟ್ ತುಂಬಿಸಿದ್ದರಿಂದ, ಗೋಡೆ ಹೀರಿದ ತೇವ ಆ ಗಟ್ಟಿ ಸಂದಿನಿಂದ ಹೊರಬರಲಾಗದೆ ಇಟ್ಟಿಗೆಯ ಮೂಲಕವೇ ಆರುತ್ತಾ, ಜೊತೆಗೆ ತಂದ ಲವಣದಿಂದ ಅದರ ಮೈಯನ್ನೇ ಒಡೆಯುತ್ತಿತ್ತು. ಯಂತ್ರ ಬಳಸದೆ ಉಳಿ, ಸುತ್ತಿಗೆಗಳಿಂದಲೇ ಸಿಮೆಂಟನ್ನು ಸುಮಾರು ಒಂದು ಅಂಗುಲ ಆಳಕ್ಕೆ ಕೆತ್ತಿ ತೆಗೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿದ ಗಾರೆಯನ್ನು ನೆನೆಸಿದ ಸಂದುಗಳಿಗೆ ಒತ್ತಿ ತುಂಬಿದೆ. ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಪುಡಿಯಾಗುವುದರಿಂದ ಒಂದು ವಾರ ಒದ್ದೆ ಗೋಣಿತಾಟು ಹೊದಿಸಿದ್ದೆ. ಎರಡು ಬೇಸಿಗೆಯ ಮಳೆ ಕಳೆದರೂ ಗೋಡೆಯ ಬುಡದಲ್ಲಿ ಇಟ್ಟಿಗೆಪುಡಿ ಬಿದ್ದಿಲ್ಲ.