ಮುಚ್ಚಿಹೋದ ಕಂಪನಿಗಳನ್ನು ಬಿಡದೆ ಮಾಡಿದ ನನ್ನ ಮೊಮೆಂಟಮ್ ಡಿಸರ್ಟೇಷನ್

ಗ್ಲಾಸ್ಗೋದಲ್ಲಿ ಕ್ವಾಂಟಿಟೇಟಿವ್ ಫೈನಾನ್ಸ್ ಮಾಸ್ಟರ್ಸ್ ಓದುವಾಗ ಡಿಸರ್ಟೇಷನ್‌ಗೆ (ಕೊನೆಯ ಪ್ರಬಂಧ) ಮೊಮೆಂಟಮ್, ಅಂದರೆ ಏರುತ್ತಿರುವ ಶೇರು ಇನ್ನೂ ಏರುತ್ತದೆ ಅನ್ನುವ ಲೆಕ್ಕ, ಆರಿಸಿಕೊಂಡೆ. ಅದಕ್ಕೆ ಇಂಡಿಯಾದ ಶೇರುಗಳನ್ನು ತಗೋತೀನಿ ಅಂದೆ. ಅದೂ ಎನ್‌ಎಸ್‌ಇ ಭಾವ್‌ಕಾಪಿ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಹಾಕುವ ದಿನದ ಬೆಲೆಗಳ ಫೈಲು) ಇಟ್ಟುಕೊಂಡು. ಗೈಡ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಮೆರಿಕದ ಡೇಟಾ ಲೈಬ್ರರಿಯಲ್ಲೇ ಸಿದ್ಧವಾಗಿದೆ. ನಿನಗೆ ಮೂರು ತಿಂಗಳಿದೆ. ಅದರಲ್ಲಿ ಎರಡು ತಿಂಗಳು ಫೈಲ್ ತೊಳೆಯೋದರಲ್ಲೇ ಹೋಗುತ್ತದೆ" ಅಂದರು. ಕ್ಲಾಸಲ್ಲಿದ್ದ ಬೆಂಗಳೂರಿನ ಗೆಳೆಯ ಇನ್ನೂ ನೇರವಾಗಿ ಹೇಳಿದ: "ಸುಮ್ನೆ ಟೈಮ್ ಹಾಳು ಮಾಡ್ಕೋಬೇಡ ಕಣೋ, ಡಿಸ್ಟಿಂಕ್ಷನ್ ಹೋಗುತ್ತೆ."

ಡಿಸ್ಟಿಂಕ್ಷನ್ ಹೋಗಲಿಲ್ಲ, 74 ಬಂತು. ಆದರೆ ಎರಡು ತಿಂಗಳು ಹೋಗುತ್ತದೆ ಅಂದಿದ್ದು ನಿಜವೇ. ನನಗೆ ಎರಡೂವರೆ ತಿಂಗಳು ಹಿಡಿಯಿತು.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಭಾವ್‌ಕಾಪಿಗೆ ಬಂದಿದ್ದೇ ಅದರಿಂದ. 2021ರ ಸೆಪ್ಟೆಂಬರ್‌ನಲ್ಲಿ ಹೋದಾಗ ಪೌಂಡ್ ನೂರು ರೂಪಾಯಿ ದಾಟಿತ್ತು. ಫೀಸು 23 ಸಾವಿರ ಪೌಂಡ್ ಹತ್ತಿರ. ರೂಮು, ಊಟ, ವೀಸಾ, ಟಿಕೆಟ್ ಎಲ್ಲ ಸೇರಿ 34-35 ಲಕ್ಷ ಆಗಿರಬೇಕು. ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಉಳಿಸಿದ್ದು 11 ಲಕ್ಷ. ಉಳಿದದ್ದು ಸಾಲ, ಬಡ್ಡಿ ಹತ್ತೂವರೆ ಪರ್ಸೆಂಟ್. ಶಿವಮೊಗ್ಗದ ಮನೆಯ ಪತ್ರ ಬ್ಯಾಂಕಿನಲ್ಲಿತ್ತು. ವಾರಕ್ಕೆ 20 ಗಂಟೆ ಸೂಪರ್ ಮಾರ್ಕೆಟ್ಟಿನಲ್ಲಿ ರ್‍ಯಾಕ್ ತುಂಬಿಸುತ್ತಿದ್ದೆ. 2022ರ ಏಪ್ರಿಲ್‌ನಿಂದ ಕನಿಷ್ಠ ಕೂಲಿ ಗಂಟೆಗೆ 9.50 ಪೌಂಡ್ ಆಯಿತು, ಅದರಲ್ಲಿ ರೂಮಿನ ಬಾಡಿಗೆ ಹೋಗುತ್ತಿತ್ತು. ಮುಚ್ಚಿಹೋದ ಕಂಪನಿಗಳೂ ಇರುವ ಇಂಡಿಯಾ ಡೇಟಾಕ್ಕೆ ಒಂದು ಸಂಸ್ಥೆಯವರು ಹೇಳಿದ ರೇಟು ಒಂದೂಮುಕ್ಕಾಲು ಲಕ್ಷ. ಅಷ್ಟು ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲ ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ವಿಧಾನವನ್ನು ಓಡಿಸಿ ನೋಡೋದು) ಮಾಡಿದ್ದು ಅವತ್ತಿನ ನಿಫ್ಟಿ 500 (ಎನ್‌ಎಸ್‌ಇಯ 500 ದೊಡ್ಡ ಕಂಪನಿಗಳು) ಪಟ್ಟಿಯನ್ನು ಹಿಂದಕ್ಕೆ ಎಳೆದು. 2006ರಿಂದ 2021ರವರೆಗೆ. ಕಳೆದ 12 ತಿಂಗಳ ಏರಿಕೆ, ಕೊನೆಯ ಒಂದು ತಿಂಗಳು ಬಿಟ್ಟು, ಮೇಲಿನ 30 ಶೇರು. ಜೆಗದೀಶ್ ಮತ್ತು ಟಿಟ್‌ಮನ್ ಅನ್ನುವ ಸಂಶೋಧಕರು 1993ರಲ್ಲಿ ತೋರಿಸಿದ ದಾರಿಯೇ, ಹೊಸದೇನಿಲ್ಲ. ವರ್ಷಕ್ಕೆ 31 ಪರ್ಸೆಂಟ್ ಬಂತು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಪಟ್ಟಿ ನೋಡಿದರೆ ಸತ್ಯಂ ಇಲ್ಲ, ಕಿಂಗ್‌ಫಿಷರ್ ಏರ್‌ಲೈನ್ಸ್ ಇಲ್ಲ, ಜೆಟ್ ಇಲ್ಲ, ಡಿಎಚ್‌ಎಫ್‌ಎಲ್ ಇಲ್ಲ. ಉಳಿದವರನ್ನಷ್ಟೇ ಕೂರಿಸಿಕೊಂಡು ಲೆಕ್ಕ ಮಾಡಿದ್ದೆ. ಸರ್ವೈವರ್‌ಷಿಪ್ ಬಯಾಸ್ ಅಂತ ಕ್ಲಾಸಲ್ಲಿ ಎಲ್ಲರೂ ಬರೆದುಕೊಂಡಿದ್ದೆವು. ಆದರೆ ನಮ್ಮದೇ ಶೀಟಿನಲ್ಲಿ ಅದು ವರ್ಷಕ್ಕೆ ಏಳೆಂಟು ಪರ್ಸೆಂಟ್ ಸುಳ್ಳು ಲಾಭ ಸೇರಿಸುತ್ತದೆ ಅಂತ ನೋಡಿದಾಗಲೇ ಅದರ ಭಾರ ಗೊತ್ತಾಗೋದು.

ಆಮೇಲೆ ದಿನದ ಭಾವ್‌ಕಾಪಿ ಒಂದೊಂದೇ ಇಳಿಸಿದೆ. ಸುಮಾರು 4000 ಫೈಲ್. ನಾಲ್ಕು ರಾತ್ರಿ, ನಿಧಾನವಾಗಿ. ಸೋಮವಾರದಿಂದ ಶುಕ್ರವಾರ ಅಂತ ಲೂಪ್ ಬರೆದಿದ್ದೆ, ಅದು ತಪ್ಪು. 2015ರ ಫೆಬ್ರವರಿ 28 ಮತ್ತು 2020ರ ಫೆಬ್ರವರಿ 1 ಎರಡೂ ಶನಿವಾರ, ಬಜೆಟ್‌ಗಾಗಿ ಮಾರ್ಕೆಟ್ ತೆರೆದಿತ್ತು. 2019ರ ದೀಪಾವಳಿಯ ಮುಹೂರ್ತ ಟ್ರೇಡಿಂಗ್ ಭಾನುವಾರ ಬಂದಿತ್ತು. ಕ್ಯಾಲೆಂಡರ್ ನಂಬಬೇಡಿ, ಎಲ್ಲ ದಿನಕ್ಕೂ ಕೇಳಿ, ಇದ್ದದ್ದು ಬರುತ್ತದೆ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಭಾವ್‌ಕಾಪಿಯಲ್ಲಿ ಇಕ್ಯೂ ಸೀರೀಸ್ (ಮಾಮೂಲಿಯಾಗಿ ವಹಿವಾಟಾಗುವ ಶೇರುಗಳ ಗುಂಪು) ಮಾತ್ರ ಸೋಸಿಕೊಂಡಿದ್ದೆ. ಎಲ್ಲರೂ ಹಾಗೇ ಮಾಡೋದು ಅಲ್ವಾ? ಆದರೆ ತೊಂದರೆಗೆ ಸಿಕ್ಕ ಕಂಪನಿಗಳನ್ನು ಬಿಇ, ಬಿಝಡ್ ಸೀರೀಸ್‌ಗೆ ಹಾಕುತ್ತಾರೆ. ನನ್ನ ಪ್ರೋಗ್ರಾಮಿನಲ್ಲಿ ಅವು ಬೀಳುವ ಮೊದಲೇ ಮಾಯವಾಗುತ್ತಿದ್ದವು. ಕೊನೆಯ ಇಕ್ಯೂ ದಿನದ ಬೆಲೆಗೆ ಮಾರಿದ ಹಾಗೆ ಲೆಕ್ಕ. ಡೇಟಾದಲ್ಲಿ ಸತ್ತ ಕಂಪನಿ ಇದ್ದರೂ ಅದರ ಸಾವು ಮಾತ್ರ ಇರಲಿಲ್ಲ! ಇದನ್ನು ಹಿಡಿಯಲು ಹತ್ತು ದಿನ ಬೇಕಾಯಿತು. ಭಾವ್‌ಕಾಪಿಯಲ್ಲಿ ಕೆಲಸ ಮಾಡುವ ಯಾರೇ ಆದರೂ ಇದೊಂದನ್ನು ಮೊದಲು ನೋಡಿಕೊಳ್ಳಿ.

ಇದರ ಉಲ್ಟಾ ತೊಂದರೆಯೂ ಇತ್ತು. 2011ರಲ್ಲಿ ಇನ್ಫೋಸಿಸ್ ಹೆಸರಿನಿಂದ ಟೆಕ್ನಾಲಜೀಸ್ ಹೋಯಿತು, ಸಿಂಬಲ್ಲೂ (ಎಕ್ಸ್‌ಚೇಂಜಿನಲ್ಲಿ ಬಳಸುವ ಚಿಕ್ಕ ಹೆಸರು) ಬದಲಾಯಿತು. ನನ್ನ ಪಟ್ಟಿಯಲ್ಲಿ ಇನ್ಫೋಸಿಸ್ ಆ ವರ್ಷ ಮುಚ್ಚಿಹೋದ ಕಂಪನಿ ಅಂತ ಬಂತು. ಐಎಸ್‌ಐಎನ್ (ಪ್ರತಿ ಶೇರಿನ ಗುರುತಿನ ಸಂಖ್ಯೆ) ಇಟ್ಟುಕೊಂಡು ಜೋಡಿಸೋಣ ಅಂದರೆ ಹಳೆಯ ಫೈಲುಗಳಲ್ಲಿ ಆ ಕಾಲಮ್ಮೇ ಇಲ್ಲ. ಇದ್ದ ಕಡೆಯೂ ಮುಖಬೆಲೆ ಒಡೆದಾಗ (ಸ್ಪ್ಲಿಟ್, ಒಂದು ಶೇರು ಹಲವಾಗುವುದು) ಐಎಸ್‌ಐಎನ್ ಬದಲಾಗುತ್ತದೆ. ಹಳೆಯದನ್ನೂ ಹೊಸದನ್ನೂ ಜೋಡಿಸಲು ನಾನು ಒಂದು ಉಪಾಯ ಕಂಡುಕೊಂಡೆ. ಸಿಂಬಲ್, ಹೆಸರು ಎರಡನ್ನೂ ನೋಡದೆ ಮಾಡುವಂಥದ್ದು. ನೂರರಲ್ಲಿ 97 ಸರಿ ಬೀಳುತ್ತದೆ, ಉಳಿದ ಮೂರನ್ನು ಕೈಯಲ್ಲಿ ಸರಿ ಮಾಡಬೇಕು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದೊಂದು ನನ್ನ ಹತ್ತಿರವೇ ಇರಲಿ.

ಇನ್ನು ಬೋನಸ್, ಅಂದರೆ ಕಂಪನಿ ಪುಕ್ಕಟೆ ಕೊಡುವ ಶೇರು. ಶೇರು ಹೆಚ್ಚಾದಷ್ಟು ಒಂದೊಂದರ ಬೆಲೆ ಇಳಿಯುತ್ತದೆ. ಇನ್ಫೋಸಿಸ್ ಒಂದೇ 2014ರ ಡಿಸೆಂಬರ್, 2015ರ ಜೂನ್, 2018ರ ಸೆಪ್ಟೆಂಬರ್, ಮೂರು ಸಲ ಒಂದಕ್ಕೊಂದು ಕೊಟ್ಟಿತು. ಸರಿ ಮಾಡದಿದ್ದರೆ ಒಳ್ಳೆಯ ಶೇರು ಅರ್ಧಕ್ಕೆ ಬಿದ್ದ ಹಾಗೆ ಕಾಣುತ್ತದೆ, ರ್‍ಯಾಂಕು ಪಾತಾಳಕ್ಕೆ ಹೋಗುತ್ತದೆ. ಒಂದೇ ದಿನ 40 ಪರ್ಸೆಂಟ್‌ಗಿಂತ ಜಾಸ್ತಿ ಬಿದ್ದದ್ದನ್ನೆಲ್ಲ ಬೋನಸ್ ಅಂತ ತಿಳಿಯುವ ರೂಲ್ ಹಾಕಿದೆ. ಅದು 2009ರ ಜನವರಿ 7ರ ಸತ್ಯಂ ಅನ್ನೂ ಬೋನಸ್ ಅಂದುಕೊಂಡಿತು. ಅವತ್ತು ಅದು 179ರಿಂದ 40ಕ್ಕೆ ನಿಜವಾಗಿಯೇ ಬಿದ್ದಿತ್ತು. ಆ ರೂಲ್ ತೆಗೆದು ಹಾಕಿದೆ. ಕಂಪನಿಗಳ ಘೋಷಣೆ ನೋಡಿ ಒಂದೊಂದೇ ಟೈಪ್ ಮಾಡಿದೆ, 700ರ ಮೇಲೆ ಇದ್ದವು. ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದು ದಿನಕ್ಕೆ 50 ಅಂತ ಲೆಕ್ಕ ಇಟ್ಟುಕೊಂಡಿದ್ದೆ.

ಇದರ ಮಧ್ಯೆ ತಲೆ ಕೆಟ್ಟು ಎರಡು ವಾರ ಅಡಿಕೆ ಹಿಂದೆ ಬಿದ್ದೆ. ನಮ್ಮದು ಎರಡು ಎಕರೆ ತೋಟ. ಶಿರಸಿಯ ರಾಶಿ (ಅಡಿಕೆಯ ಒಂದು ಬಗೆ) ದರ, ಶಿವಮೊಗ್ಗದ ರಾಶಿ ದರ, ಎರಡೂ ಒಟ್ಟಿಗೆ ನಡೆಯಬೇಕಲ್ಲ? ಕೋಇಂಟಿಗ್ರೇಷನ್ ಟೆಸ್ಟ್ (ಎರಡು ದರ ದೂರವಾದರೂ ಮತ್ತೆ ಹತ್ತಿರ ಬರುತ್ತವಾ ಅಂತ ನೋಡೋದು) ಹಾಕಿದರೆ ಚೆನ್ನಾಗಿಯೇ ಬಂತು. ಅಂತರ ಜಾಸ್ತಿ ಆದಾಗ ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರಿದರೆ ಲಾಭ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ಎರಡೂ ರಾಶಿನೇ ಮಾರಾಯ, ಆದ್ರೆ ಒಂದೇ ರಾಶಿ ಅಲ್ಲ. ತೇವ ನೋಡ್ದೆ, ಆರಿಸಿದ್ದು ಹ್ಯಾಗೆ ಅಂತ ನೋಡ್ದೆ ಬರೀ ದರ ನೋಡಿದ್ರೆ ಆಗ್ತದಾ? ಲಾರಿ ಬಾಡಿಗೆ ಯಾರು ಕೊಡ್ತಾರೆ?" ಅಂದರು. ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಹಾಕಿ ನೋಡಿದೆ. ಅಂತರ ಎಲ್ಲ ಅದರಲ್ಲೇ ಮುಗಿಯಿತು. 2014ರ ಏರಿಕೆಯ ತಿಂಗಳುಗಳನ್ನು ಬಿಟ್ಟರೆ ಟೆಸ್ಟ್ ಕೂಡ ಸರಿಯಾಗಿ ನಿಲ್ಲಲಿಲ್ಲ. ಎರಡು ವಾರ ಹೋಯಿತು ಅಂತ ನನಗೆ ಬೇಸರವಿಲ್ಲ. ಖರ್ಚನ್ನು ಕೊನೆಗೆ ಕಳೆಯುವುದಲ್ಲ, ಮೊದಲೇ ಒಳಗೆ ಹಾಕಬೇಕು ಅಂತ ಮನಸ್ಸಿಗೆ ಹೊಕ್ಕಿದ್ದು ಆ ಫೋನಿನಿಂದಲೇ.

ವಾಪಸ್ ಶೇರಿಗೆ ಬಂದು ಖರ್ಚು ಹಾಕಿದೆ. ಡೆಲಿವರಿಗೆ (ಶೇರನ್ನು ಖಾತೆಯಲ್ಲಿ ಇಟ್ಟುಕೊಂಡರೆ) ಎಸ್‌ಟಿಟಿ, ಅಂದರೆ ಶೇರು ವಹಿವಾಟಿನ ತೆರಿಗೆ, ಕೊಳ್ಳುವಾಗ 0.1, ಮಾರುವಾಗ 0.1 ಪರ್ಸೆಂಟ್. 2012ರ ಜುಲೈಗೆ ಮುಂಚೆ 0.125 ಇತ್ತು. 2020ರ ಜುಲೈನಿಂದ ಕೊಳ್ಳುವಾಗ ಸ್ಟಾಂಪ್ ಡ್ಯೂಟಿ 0.015. ಬ್ರೋಕರೇಜ್, ಅದರ ಮೇಲಿನ ತೆರಿಗೆ. ಸಣ್ಣ ಶೇರುಗಳಿಗೆ ಸ್ಲಿಪ್ಪೇಜ್ (ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ) ಅರ್ಧ ಪರ್ಸೆಂಟ್ ಹಿಡಿದೆ, ಗೈಡ್ ಜಾಸ್ತಿ ಆಯಿತು ಅಂದರೂ ಬಿಡಲಿಲ್ಲ. ತಿಂಗಳು ತಿಂಗಳು ಶೇರುಗಳನ್ನು ಬದಲಾಯಿಸಿದರೆ ಇಷ್ಟು ಖರ್ಚಿನಲ್ಲಿ ಸೂಚ್ಯಂಕದ ಮೇಲಿನ ಲಾಭ ಹೆಚ್ಚು ಕಡಿಮೆ ಪೂರ್ತಿ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಮಾಡಿದೆ. ಜೊತೆಗೆ ಒಂದು ಬೇಲಿ ಹಾಕಿದೆ: ಕೊಳ್ಳಲು ಮೇಲಿನ 30ರಲ್ಲಿ ಇರಬೇಕು, ಆದರೆ 31ಕ್ಕೆ ಇಳಿದ ಕೂಡಲೇ ಮಾರುವುದಿಲ್ಲ. ಎಲ್ಲಿಯವರೆಗೆ ಬಿಡಬಹುದು ಅನ್ನುವ ಸಂಖ್ಯೆ ಹೇಳುವುದಿಲ್ಲ. 30 ಮತ್ತು 100ರ ನಡುವೆ ಇದೆ, ನೀವೇ ಹುಡುಕಿ. ಕೊಳ್ಳುವುದು ಮಾರುವುದು ಅರ್ಧಕ್ಕಿಂತ ಕಡಿಮೆ ಆಯಿತು.

ಕೊನೆಯದಾಗಿ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಬೆಲೆ ಬೀಳಬಹುದಾದ ಮಿತಿ. 2019ರ ಜುಲೈ ಕೊನೆಯಲ್ಲಿ ಕಾಫಿ ಡೇ ಶೇರು ದಿನಾ ಸರ್ಕ್ಯೂಟ್ ಮುಟ್ಟುತ್ತಿತ್ತು. ಕೊಳ್ಳುವವರೇ ಇಲ್ಲ. ಬ್ಯಾಕ್‌ಟೆಸ್ಟ್ ಮಾತ್ರ ಅಂಥ ಶೇರನ್ನೂ ಆರಾಮಾಗಿ ಕ್ಲೋಸಿಂಗ್ ಬೆಲೆಗೆ ಮಾರಿಬಿಡುತ್ತದೆ. ಅದಕ್ಕೆ ಬಿದ್ದ ದಿನ ಹೈ, ಲೋ, ಕ್ಲೋಸ್ ಮೂರೂ ಒಂದೇ ಇದ್ದರೆ ಮಾರಲು ಆಗಲಿಲ್ಲ ಅಂತ ಹಿಡಿದು ಮುಂದಿನ ದಿನಕ್ಕೆ ತಳ್ಳಿದೆ. ಏರುವ ಕಡೆಗೂ ಇದೇ ರೂಲ್. ಇದೊಂದರಿಂದಲೇ ಒಂದು ಪರ್ಸೆಂಟ್ ಹತ್ತಿರ ಹೋಯಿತು.

ಎಲ್ಲ ಆದ ಮೇಲೆ 31 ಇದ್ದದ್ದು 16-17ಕ್ಕೆ ಬಂದು ನಿಂತಿತು. ಆರಿಸದೆ ಆ ಗುಂಪಿನ ಎಲ್ಲ ಶೇರುಗಳಿಗೂ ದುಡ್ಡನ್ನು ಸಮನಾಗಿ ಹಂಚಿದ್ದರೆ 12ರ ಆಸುಪಾಸು. ಆ ನಾಲ್ಕು ಪರ್ಸೆಂಟ್ ನಿಜ ಅಂತ ಧೈರ್ಯವಾಗಿ ಹೇಳಬಲ್ಲೆ. ಆ 31ನ್ನು ಅಲುಗಾಡಿಸಿದರೆ ಬೀಳುತ್ತಿತ್ತು, ಇದು ಬೀಳಲಿಲ್ಲ.

ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿನ ಪರೀಕ್ಷಕರು ಕೇಳಿದ್ದು 2009ರ ಬಗ್ಗೆ. ಉತ್ತರ ಸಿದ್ಧವಿತ್ತು. ಮೇ 18, ಸೋಮವಾರ. ಹಿಂದಿನ ಶನಿವಾರ ಚುನಾವಣೆಯ ಫಲಿತಾಂಶ ಬಂದಿತ್ತು. ನಿಫ್ಟಿ ಒಂದೇ ದಿನ 17 ಪರ್ಸೆಂಟ್ ಮೇಲೆ ಹೋಗಿ ಅಪ್ಪರ್ ಸರ್ಕ್ಯೂಟ್‌ನಲ್ಲಿ ನಿಂತಿತು. ನನ್ನ ಪಟ್ಟಿಯಲ್ಲಿ ಇದ್ದದ್ದು ಔಷಧ, ಸೋಪು, ಬಿಸ್ಕತ್ತಿನ ಕಂಪನಿಗಳು. ಜಿಗಿದದ್ದು ಹಿಂದಿನ ವರ್ಷ ಪೆಟ್ಟು ತಿಂದಿದ್ದ ರಿಯಲ್ ಎಸ್ಟೇಟ್, ಮೆಟಲ್. ಆ ಆರು ತಿಂಗಳು ನನ್ನ ವಿಧಾನ ಸೂಚ್ಯಂಕಕ್ಕಿಂತ 35 ಪರ್ಸೆಂಟ್ ಹಿಂದೆ ಬಿತ್ತು. ಮರೆಮಾಚದೆ ಪೂರ್ತಿ ಒಂದು ಅಧ್ಯಾಯ ಅದರ ಮೇಲೆಯೇ ಬರೆದಿದ್ದೆ. ಪರೀಕ್ಷಕರಿಗೆ ಹಿಡಿಸಿದ್ದು ಆ ಅಧ್ಯಾಯವೇ. ಹೊರಗೆ ಬಂದ ಮೇಲೆ ಗೈಡ್ ಕೈ ಕುಲುಕಿ, ಮುಂದಿನ ಬ್ಯಾಚ್‌ಗೆ ಈ ಡೇಟಾ ಕೊಡ್ತೀಯಾ ಅಂತ ಕೇಳಿದರು.

ಬೆಂಗಳೂರಿಗೆ ಬಂದ ಮೇಲೆ ಮೂರು ಇಂಟರ್‌ವ್ಯೂ ಕೊಟ್ಟೆ. ಇಟೋ ಲೆಮ್ಮಾ (ಕೋರ್ಸಿನ ಕಷ್ಟದ ಗಣಿತದ ಒಂದು ಸೂತ್ರ) ಬಗ್ಗೆ ಕೇಳಿದ್ದು ಐದು ನಿಮಿಷ. ಬಿಇ ಸೀರೀಸ್ ಬಗ್ಗೆ ಮುಕ್ಕಾಲು ಗಂಟೆ. ಮೊದಲ ಸೆಮಿಸ್ಟರಿನ ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ ಟೆಸ್ಟಿನಲ್ಲಿ ನನಗೆ 38 ಬಂದಿತ್ತು, ಪಾಸಿಗೆ 50 ಬೇಕು. ಅದನ್ನು ಯಾರೂ ಕೇಳಲಿಲ್ಲ. ಈಗ ಒಂದು ರಿಸ್ಕ್ ತಂಡದಲ್ಲಿ ಇದ್ದೇನೆ. ಸಾಲ ಇನ್ನು ಆರು ಲಕ್ಷ ಇದೆ.

2023ರ ಜನವರಿಯಿಂದ ನನ್ನದೇ ನಾಲ್ಕು ಲಕ್ಷ ಹಾಕಿ ಇದನ್ನು ನಡೆಸುತ್ತಿದ್ದೇನೆ, 30ರ ಬದಲು 15 ಶೇರು. ಮಾರುವಾಗ ಡಿಪಿ ಚಾರ್ಜು (ಡಿಮ್ಯಾಟ್ ಖಾತೆಯ ಶುಲ್ಕ) ಒಂದೊಂದು ಕಂಪನಿಯ ಶೇರಿಗೂ ಇಷ್ಟು ಅಂತ ಇರುತ್ತದೆ, ಸಣ್ಣ ದುಡ್ಡಿಗೆ 30 ಶೇರು ಗಿಟ್ಟುವುದಿಲ್ಲ. 2024ರ ಜುಲೈ 23ರಿಂದ ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ತೆರಿಗೆ 15ರಿಂದ 20 ಆಯಿತು. ಅದಕ್ಕೆ ಬೇಲಿಯನ್ನು ಇನ್ನೂ ಸ್ವಲ್ಪ ಅಗಲ ಮಾಡಿದೆ. ಅದೇ ತಿಂಗಳು ಭಾವ್‌ಕಾಪಿಯ ಫಾರ್ಮ್ಯಾಟ್ಟೂ ಬದಲಾಯಿತು. ಫೈಲಿನ ಹೆಸರು ಬೇರೆ, ಕಾಲಮ್ಮುಗಳ ಹೆಸರು ಬೇರೆ. ಹಳೆಯ ಕೋಡ್ ಒಂದು ಬೆಳಿಗ್ಗೆ ಸುಮ್ಮನೆ ನಿಂತುಹೋಯಿತು, ಸರಿ ಮಾಡಲು ಒಂದು ಭಾನುವಾರ ಹಿಡಿಯಿತು. ಈಗ 2003ರಿಂದ 2005ರ ಫೈಲುಗಳನ್ನು ಜೋಡಿಸುತ್ತಿದ್ದೇನೆ. ಬೋನಸ್, ಸ್ಪ್ಲಿಟ್ 60-70 ಟೈಪ್ ಮಾಡುವುದು ಬಾಕಿ ಇದೆ.