ಗಾಜಿನ ಚೂರು ತೆಗೆದ ಮೇಲೆ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳ ಪಾಯಿಂಟ್ ಶೂ (ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಬ್ಯಾಲೆ ಶೂ) ಒಳಗೆ ಗಾಜಿನ ಚೂರು ಹಾಕಿದ್ದಳು. ಹದಿನಾರರ ಆಸುಪಾಸಿನ ಹುಡುಗಿಯರು, ಬ್ಯಾಲೆ ಶಾಲೆಯ ಹಾಸ್ಟೆಲ್, ಒಂದೇ ಪಾತ್ರಕ್ಕೆ ಇಬ್ಬರ ಪೈಪೋಟಿ. ಇಷ್ಟೆಲ್ಲ ಇದ್ದ ಮೇಲೆ ಗಾಜು ಬರಲೇಬೇಕು ಅಂದುಕೊಂಡಿದ್ದೆ. ಬಿಳಿ ಸ್ಯಾಟಿನ್ ಬಟ್ಟೆಯಲ್ಲಿ ರಕ್ತ ಇಂಗುವುದನ್ನು ಅರ್ಧ ಪುಟ ವರ್ಣಿಸಿದ್ದೆ. ಬರೆಯುವಾಗ ನನಗೇ ಮೈ ಜುಮ್ ಅಂದಿತ್ತು.

ಕರಡನ್ನು ಪರಿಚಯದ ಒಬ್ಬರಿಗೆ ಓದಲು ಕೊಟ್ಟೆ. ಅವರು ಎಂಟನೇ ವಯಸ್ಸಿನಿಂದ ಹದಿನೇಳರವರೆಗೆ ಬ್ಯಾಲೆ ಕಲಿತು, ಆಮೇಲೆ ಬಿಟ್ಟವರು. ಗಾಜಿನ ಅಧ್ಯಾಯ ಓದಿ ನಕ್ಕುಬಿಟ್ಟರು.

"ಶೂ ಹಾಕ್ಕೊಳ್ಳೋ ಮುಂಚೆ ಅದರೊಳಗೆ ಎಷ್ಟು ಸಲ ಕೈ ಹಾಕ್ತೀವಿ, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಪಾಯಿಂಟ್ ಶೂ ತುದಿಯಲ್ಲಿ ಮರದ ತುಂಡು ಇರುತ್ತದೆ ಅಂತಲೇ ನಾನು ನಂಬಿದ್ದೆ. ಮರ ಇಲ್ಲ. ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಒಣಗಿಸಿದ ಗಟ್ಟಿ ಚಿಪ್ಪು ಅದು. ಅಂಗಡಿಯಿಂದ ತಂದ ಹೊಸ ಜೋಡಿಯನ್ನು ಹಾಗೇ ಹಾಕಿಕೊಂಡು ಕುಣಿಯಲು ಆಗುವುದಿಲ್ಲ. ಮೊದಲು ಅಟ್ಟೆಯನ್ನು ಕೈಯಲ್ಲಿ ಬಗ್ಗಿಸಬೇಕು. ಚಿಪ್ಪನ್ನು ಅಮುಕಿ ಮೆದು ಮಾಡಬೇಕು. ಸದ್ದು ಬರಬಾರದು ಅಂತ ನೆಲಕ್ಕೆ ಕುಟ್ಟಬೇಕು. ಜಾರದಿರಲಿ ಅಂತ ಅಡಿಭಾಗವನ್ನು ಚಾಕುವಿನಿಂದ ಕೆರೆಯಬೇಕು. ರಿಬ್ಬನ್, ಎಲಾಸ್ಟಿಕ್ ಹೊಲಿಯಬೇಕು, ಒಳಗೆ ಪ್ಯಾಡ್ ಇಡಬೇಕು. ಇಷ್ಟೆಲ್ಲ ಮಾಡಿದ ಶೂ ದೊಡ್ಡ ಪಾತ್ರವಾದರೆ ಒಂದೇ ಸಂಜೆಗೆ ಮುಗಿದುಹೋಗಬಹುದು. "ಶೂ ಸತ್ತಿತು" ಅನ್ನುತ್ತಾರೆ, ಸವೆಯಿತು ಅನ್ನುವುದಿಲ್ಲ.

ಇಂಥ ಶೂ ಒಳಗೆ ಗಾಜು ಬಚ್ಚಿಡಲು ಜಾಗ ಎಲ್ಲಿದೆ?

ಅವರ ಹತ್ತಿರ ಹಳೆಯದೊಂದು ಜೋಡಿ ಇತ್ತು, ಒಮ್ಮೆಯೂ ಹಾಕದ್ದು. ಸೂಜಿಯ ಜೊತೆ ನನ್ನ ಕೈಗೆ ಕೊಟ್ಟು, "ಹೊಲಿದು ನೋಡಿ" ಅಂದರು. ದಾರದ ಬದಲು ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ಕೊಟ್ಟರು. ಮಾಮೂಲಿ ದಾರಕ್ಕಿಂತ ಗಟ್ಟಿ, ಬೇಗ ಕಿತ್ತುಬರುವುದಿಲ್ಲ ಅಂತ ಎಷ್ಟೋ ಜನ ಅದರಲ್ಲೇ ಹೊಲಿಯುತ್ತಾರಂತೆ. ಅಂಚಿನೊಳಗೆ ಸಣ್ಣ ಹುರಿ ಓಡುತ್ತಿರುತ್ತದೆ, ಸೂಜಿ ಅದಕ್ಕೆ ಚುಚ್ಚಬಾರದು. ಚುಚ್ಚಿದರೆ ಹುರಿ ಎಳೆದು ಶೂ ಬಿಗಿ ಮಾಡಲು ಬರುವುದಿಲ್ಲ. ನಾನು ಎರಡು ಸಲ ಚುಚ್ಚಿದೆ, ಎರಡು ಸಲ ಬಿಚ್ಚಿದೆ. ನಾಲ್ಕು ರಿಬ್ಬನ್ ಮುಗಿಸಲು ಒಂದೂವರೆ ಗಂಟೆ ಬೇಕಾಯಿತು. ಬೆರಳ ತುದಿಯಲ್ಲಿ ರಕ್ತ ಬಂತು. ಕಾದಂಬರಿಗೆ ಬೇಕಿದ್ದ ರಕ್ತ ಇಷ್ಟೇ ಅಂತ ಆಗ ಅನ್ನಿಸಿತು.

ಮೂರನೇ ಅಧ್ಯಾಯ ಅಲ್ಲಿಂದ ಹುಟ್ಟಿತು. ಲೀನಾ, ಮಾರ್ತಾ ಇಬ್ಬರೂ ಕಾರಿಡಾರಿನ ನೆಲದ ಮೇಲೆ ಕೂತು ರಿಬ್ಬನ್ ಹೊಲಿಯುತ್ತಿದ್ದಾರೆ. ಲೀನಾಳ ಫ್ಲಾಸ್ ಮುಗಿದಿದೆ, ಮಾರ್ತಾಳ ಡಬ್ಬಿ ಕೇಳುತ್ತಾಳೆ. ಮಾರ್ತಾ ತಲೆ ಎತ್ತದೆ ಡಬ್ಬಿಯನ್ನು ನೆಲದ ಮೇಲೆ ಜಾರಿಸುತ್ತಾಳೆ. ಪಾತ್ರ ಯಾರಿಗೆ ಅಂತ ಬೆಳಿಗ್ಗೆ ಗೋಡೆಗೆ ಅಂಟಿಸುವ ಪಟ್ಟಿಗಾಗಿ ಇಬ್ಬರೂ ಕಾಯುತ್ತಿದ್ದಾರೆ, ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಗಾಜು ಹೋಯಿತು. ಹಾಗಾದರೆ ಕ್ರೌರ್ಯ ಎಲ್ಲಿಂದ ತರುವುದು? ನಾಲ್ಕೈದು ತಿಂಗಳು ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದೆ. ಕೆಟ್ಟ ಟೀಚರ್ ಒಬ್ಬರನ್ನು ತಂದೆ, ತೆಗೆದೆ. ದುಡ್ಡಿರುವ ಅಪ್ಪ ಒಬ್ಬನನ್ನು ತಂದೆ, ಅವನನ್ನೂ ತೆಗೆದೆ. ನಿಜದಲ್ಲಿ ನಡೆದದ್ದು ಇದಕ್ಕಿಂತ ಘೋರ. 2013ರ ಜನವರಿಯಲ್ಲಿ ಮಾಸ್ಕೋದ ಬೊಲ್ಶೊಯ್ ಬ್ಯಾಲೆಯ ಕಲಾ ನಿರ್ದೇಶಕ ಸೆರ್ಗೆಯ್ ಫಿಲಿನ್ ಅವರ ಮುಖಕ್ಕೆ ಆಸಿಡ್ ಎರಚಿದರು. ಅದೇ ತಂಡದ ನರ್ತಕನೊಬ್ಬನಿಗೆ ಆ ಪ್ರಕರಣದಲ್ಲಿ ಜೈಲಾಯಿತು. ಆದರೆ ಅದನ್ನು ಕಾದಂಬರಿಗೆ ತಂದರೆ ಪೊಲೀಸರು ಬರುತ್ತಾರೆ, ಕಥೆ ಅವರ ಕೈಗೆ ಹೋಗುತ್ತದೆ. ನನಗೆ ಬೇಕಿದ್ದದ್ದು ದೂರು ಕೊಡಲಾಗದ ಕ್ರೌರ್ಯ.

ಮೊದಲು ಸಿಕ್ಕಿದ್ದು ಎತ್ತರ. 'ನಟ್‌ಕ್ರ್ಯಾಕರ್' 1892ರಿಂದ ಇರುವ ಬ್ಯಾಲೆ, ಮಕ್ಕಳಿಗೆ ತುಂಬ ಪಾತ್ರಗಳಿವೆ. ಅವನ್ನು ಹಂಚುವಾಗ ಕುಣಿತದ ಜೊತೆ ಮೈಯಳತೆಯನ್ನೂ ನೋಡುತ್ತಾರೆ, ಇರುವ ಉಡುಪಿಗೆ ಮಗು ಹಿಡಿಸಬೇಕಲ್ಲ. ಲೀನಾ ಹನ್ನೆರಡನೇ ವಯಸ್ಸಿಗೆ ಒಂದೇ ಬೇಸಿಗೆಯಲ್ಲಿ ಮೂರು ಅಂಗುಲ ಬೆಳೆಯುತ್ತಾಳೆ. ಎರಡು ವರ್ಷ ಕಾದಿದ್ದ ಪಾತ್ರ ಮಾರ್ತಾಗೆ ಹೋಗುತ್ತದೆ. ಯಾರ ಮೇಲೆ ಸಿಟ್ಟು ಮಾಡೋದು, ಮೂಳೆಗಳ ಮೇಲಾ? ಇದನ್ನು ಬರೆದಾಗ ಸರಿಯಾದ ದಾರಿಗೆ ಬಂದೆ ಅನ್ನಿಸಿತು.

ಎರಡನೆಯದು ಸಾಲು. ಪ್ಯಾರಿಸ್ಸಿನಲ್ಲಿ 1841ರಲ್ಲಿ ಮೊದಲು ಆಡಿದ 'ಜಿಸೆಲ್' ಬ್ಯಾಲೆಯ ಎರಡನೇ ಅಂಕದಲ್ಲಿ ಬಿಳಿ ಉಡುಪಿನ ಹುಡುಗಿಯರು ಎರಡೂ ಕಡೆಯಿಂದ ಸಾಲುಸಾಲಾಗಿ ಬರುತ್ತಾರೆ. ಒಂದು ಕಾಲು ಹಿಂದೆ ಎತ್ತಿ, ಇನ್ನೊಂದರ ಮೇಲೆ ಕುಪ್ಪಳಿಸುತ್ತ ಒಂದು ಸಾಲಿನ ನಡುವೆ ಇನ್ನೊಂದು ಸಾಲು ದಾಟುತ್ತದೆ. ನೋಡುವವರಿಗೆ ತೇಲಿದಂತೆ ಕಾಣುತ್ತದೆ. ಕಾಲಿಗೆ ಅದು ಶಿಕ್ಷೆ. ಈ ದೃಶ್ಯದ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕೊನೆಗೆ ಹೊಳೆದದ್ದು ಸಣ್ಣ ವಿಷಯ. ಸಾಲಿನಲ್ಲಿ ಹಿಂದೆ ನಿಂತವಳಿಗೆ ಮುಂದಿನವಳ ಹಿಮ್ಮಡಿ ಕಾಣುತ್ತದೆ. ಅವಳ ಉಸಿರಿಗೆ ಉಸಿರು ಕೂಡಿಸಿ, ಅವಳ ಕೈ ಎತ್ತರಕ್ಕೆ ಕೈ ಇಟ್ಟು ಕುಣಿಯಬೇಕು. ಯಾರನ್ನು ಸೋಲಿಸಬೇಕೋ ಅವಳ ಮೈ ನಿಮಗೆ ಅವಳ ಅಮ್ಮನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಲೀನಾಳ ಎಡಪಾದದಲ್ಲಿ ನೋವಿದೆ. ಯಾರಿಗೂ ಹೇಳಿಲ್ಲ. ಹಿಂದೆ ಮಾರ್ತಾ ಇದ್ದಾಳೆ. ನಾಲ್ಕನೇ ಕುಪ್ಪಳಿಕೆಯಲ್ಲಿ ಲೀನಾಳ ಹಿಮ್ಮಡಿ ಒಂದು ಕೂದಲೆಳೆಯಷ್ಟು ಒಳಕ್ಕೆ ವಾಲುತ್ತದೆ. ಮರುದಿನವೂ ವಾಲುತ್ತದೆ. ಮಾರ್ತಾ ನೋಡುತ್ತಾಳೆ. ಟೀಚರಿಗೆ ಹೇಳುವುದಿಲ್ಲ, ಲೀನಾಗೂ ಹೇಳುವುದಿಲ್ಲ. ಮೂರು ವಾರ ಸುಮ್ನೆ ನೋಡುತ್ತಾಳೆ. ಗಾಜಿನ ಚೂರಿನ ಜಾಗದಲ್ಲಿ ಇದನ್ನು ಇಟ್ಟೆ.

ಆ ನೋವಿಗೆ ಕಾರಣ ಬರೆಯುವಾಗ ಜಾಸ್ತಿ ಹೆದರಿದ್ದೆ. ಲೀನಾ ಊಟ ಕಡಿಮೆ ಮಾಡಿದ್ದಾಳೆ. ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ, ಅವಳಿಗೆ ಅದು ಸಾಧನೆ ಅನ್ನಿಸಿದೆ. ಮೈಗೆ ಸಾಕಷ್ಟು ಊಟ ಸಿಗದಿದ್ದರೆ ಹಾರ್ಮೋನು ತಗ್ಗುತ್ತದೆ, ಮೂಳೆ ಬಲ ಕಳೆದುಕೊಳ್ಳುತ್ತದೆ, ದಿನವೂ ಅದೇ ಜಾಗಕ್ಕೆ ಏಟು ಬಿದ್ದು ಪಾದದ ಮೂಳೆಯಲ್ಲಿ ಸಣ್ಣ ಬಿರುಕು ಮೂಡುತ್ತದೆ. ನರ್ತಕಿಯರಲ್ಲಿ ಎರಡನೇ ಬೆರಳಿನ ಹಿಂದಿನ ಉದ್ದ ಮೂಳೆಗೆ ಇದು ಆಗುವುದು ಹೆಚ್ಚು. ಇದನ್ನೆಲ್ಲ ಬರೆದೆ. ಆದರೆ ತೂಕದ ಅಂಕಿ ಒಂದನ್ನೂ ಹಾಕಲಿಲ್ಲ. ಎಷ್ಟು ಕಿಲೋ, ಎಷ್ಟು ಕ್ಯಾಲೊರಿ, ಏನು ಬಿಟ್ಟಳು, ಯಾವುದೂ ಇಲ್ಲ. ಓದುವವರಲ್ಲಿ ಲೀನಾಳಂಥ ಹುಡುಗಿ ಒಬ್ಬಳಾದರೂ ಇರುತ್ತಾಳೆ, ಅವಳು ಆ ಅಂಕಿಯನ್ನೇ ಗುರಿ ಮಾಡಿಕೊಳ್ಳುತ್ತಾಳೆ. ಸಂಪಾದಕರು "ಇಲ್ಲಿ ಒಂದು ಸಂಖ್ಯೆ ಇದ್ದರೆ ನಿಖರವಾಗಿರುತ್ತಿತ್ತು" ಅಂದರು. ನಾನು ಒಪ್ಪಲಿಲ್ಲ.

ಸ್ಪರ್ಧೆಯ ಭಾಗಕ್ಕೆ ಸ್ವಿಟ್ಜರ್ಲೆಂಡಿನ ಪ್ರಿ ದ ಲೋಜಾನ್ ಸ್ಪರ್ಧೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ, ಹೆಸರು ಹಾಕದೆ. 1973ರಲ್ಲಿ ಶುರುವಾದದ್ದು, 15ರಿಂದ 18ರ ವಯಸ್ಸಿನವರಿಗೆ. ವೇದಿಕೆಯ ಮೇಲಿನ ಒಂದೆರಡು ನಿಮಿಷದ ಕುಣಿತವಷ್ಟೇ ಅಲ್ಲ, ತರಗತಿಯಲ್ಲಿ ಹೇಗೆ ಕಲಿಯುತ್ತಾರೆ ಅನ್ನುವುದನ್ನೂ ತೀರ್ಪುಗಾರರು ನೋಡುತ್ತಾರೆ. ಗೆದ್ದವರಿಗೆ ದೊಡ್ಡ ಶಾಲೆ ಅಥವಾ ತಂಡದಲ್ಲಿ ತರಬೇತಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಅಂದರೆ ಬಹುಮಾನ ಗೆದ್ದವಳು ಹೊರಟುಹೋಗುತ್ತಾಳೆ. ನನ್ನ ಕಥೆಗೆ ಇದು ತುಂಬ ಕೆಲಸಕ್ಕೆ ಬಂತು.

ಇನ್ನು ಭಾಷೆ. ಬ್ಯಾಲೆಯ ಪದಗಳೆಲ್ಲ ಫ್ರೆಂಚ್. ಪ್ಲಿಯೆ (ಮಂಡಿ ಬಗ್ಗಿಸುವುದು), ಫುಯೆತೆ (ಒಂದು ಕಾಲು ಬೀಸುತ್ತ ಇನ್ನೊಂದರ ಮೇಲೆ ಸುತ್ತುವುದು) ಇವನ್ನು ಹಾಗೇ ಇಟ್ಟೆ, ಅರ್ಥ ವಾಕ್ಯದಲ್ಲೇ ತಿಳಿಯುವಂತೆ ನೋಡಿಕೊಂಡೆ. ಕೈಯಿಟ್ಟು ಅಭ್ಯಾಸ ಮಾಡುವ ಗೋಡೆಯ ಕಂಬಿಗೆ ಅವರು 'ಬಾರ್' ಅನ್ನುತ್ತಾರೆ. "ಲೀನಾ ಬೆಳಿಗ್ಗೆ ಏಳಕ್ಕೇ ಬಾರ್‌ನಲ್ಲಿದ್ದಳು" ಅಂತ ಬರೆದು, ಓದಿಕೊಂಡು, ಕಂಬಿ ಅಂತ ತಿದ್ದಿದೆ. ಇನ್ನೊಂದು ಅನುಕೂಲ ನಮ್ಮ ನೀನು, ನೀವುಗಳದ್ದು. ಇಬ್ಬರು ಹುಡುಗಿಯರೂ ಪುಸ್ತಕದುದ್ದಕ್ಕೂ ನೀನು ಅಂತಲೇ ಮಾತಾಡುತ್ತಾರೆ. ಬಿರುಕಿನ ವಿಷಯ ಹೊರಬಿದ್ದ ದಿನ ಲೀನಾ ಕೇಳುತ್ತಾಳೆ: "ನಿಮಗೆ ಮೊದಲೇ ಗೊತ್ತಿತ್ತಾ?" ಆ ಒಂದು 'ನಿಮಗೆ' ಸಿಕ್ಕಿದ ಮೇಲೆ ಜಗಳದ ಎರಡು ಪುಟ ಹೊಡೆದುಹಾಕಿದೆ.

ಒಂದು ಅಧ್ಯಾಯ ಬರೆಯಲು ಮಾತ್ರ ನಿಜಕ್ಕೂ ಖುಷಿ ಆಯಿತು. 1895ರಲ್ಲಿ ಪೀಟರ್ಸ್‌ಬರ್ಗಿನಲ್ಲಿ 'ಸ್ವಾನ್ ಲೇಕ್' ಆಡಿದಾಗ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ ಸತತ 32 ಫುಯೆತೆ ಸುತ್ತಿದ್ದರು. ಅಲ್ಲಿಂದ ಇವತ್ತಿನವರೆಗೂ ನೋಡುವವರು ಎಣಿಸುತ್ತಾರೆ. ಮಾರ್ತಾ ಸುತ್ತುವ ಅಧ್ಯಾಯವನ್ನು ನಾನು 32 ವಾಕ್ಯಗಳಲ್ಲಿ ಬರೆದೆ, ಸುತ್ತಿಗೊಂದು. ನಿಂತ ಕಾಲು ಜಾಗ ಬಿಟ್ಟು ಮುಂದಕ್ಕೆ ಸರಿಯುತ್ತ ಹೋಗುವುದು ಇದರಲ್ಲಿನ ದೊಡ್ಡ ಅಪಾಯ. ಹತ್ತೊಂಬತ್ತನೇ ವಾಕ್ಯದಿಂದ ವಾಕ್ಯಗಳೂ ಸ್ವಲ್ಪ ಸರಿಯಲು ಶುರುಮಾಡುತ್ತವೆ. ಯಾರೂ ಗಮನಿಸಲಿಕ್ಕಿಲ್ಲ, ಇರಲಿ.

ಎರಡನೇ ಕರಡನ್ನೂ ಅದೇ ಗೆಳತಿಗೆ ಕೊಟ್ಟೆ. ಕೊನೆಯ ಅಧ್ಯಾಯದಲ್ಲಿ ಆಗ ವಿಮಾನ ನಿಲ್ದಾಣ ಇತ್ತು. ಮಾರ್ತಾ ಹೊರಡುತ್ತಾಳೆ, ಇಬ್ಬರೂ ಅಳುತ್ತಾರೆ, ಕ್ಷಮೆ ಕೇಳುತ್ತಾರೆ, ಮೂರು ಪುಟ. ಅವರು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೌನದ ಬಗ್ಗೆ, ಬಿರುಕಿನ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ಕಾದೆ.

"ಆ ಫ್ಲಾಸ್ ಡಬ್ಬಿ ವಾಪಸ್ ಕೊಟ್ಟಳಾ?" ಅಂತ ಕೇಳಿದರು.

ಹಿಂದಕ್ಕೆ ತಿರುಗಿಸಿ ನೋಡಿದೆ. ಕೊಟ್ಟಿರಲಿಲ್ಲ. ಮೂರನೇ ಅಧ್ಯಾಯದಲ್ಲಿ ಇಸಕೊಂಡದ್ದು, ನಾನೇ ಮರೆತುಬಿಟ್ಟಿದ್ದೆ.

ವಿಮಾನ ನಿಲ್ದಾಣ ತೆಗೆದೆ. ಈಗ ಕೊನೆಯ ಅಧ್ಯಾಯದಲ್ಲಿ ಮಾರ್ತಾ ಇಲ್ಲ, ಹೋಗಿ ಎಷ್ಟೋ ವಾರ ಆಗಿದೆ. ಮೂಳೆ ಕೂಡಿಕೊಂಡಿದೆ, ಮತ್ತೆ ಪಾಯಿಂಟ್ ಶೂ ಹಾಕಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಲೀನಾ ಒಬ್ಬಳೇ ಕಾರಿಡಾರಿನಲ್ಲಿ ಹೊಸ ಜೋಡಿ ಇಟ್ಟುಕೊಂಡು ಕೂತಿದ್ದಾಳೆ. ಬ್ಯಾಗಿನ ತಳದಲ್ಲಿ ಮಾರ್ತಾಳ ಡಬ್ಬಿ ಸಿಗುತ್ತದೆ. ಎಳೆದು, ಹಲ್ಲಿನಲ್ಲಿ ಕತ್ತರಿಸಿ, ಹೊಲಿಯಲು ಶುರುಮಾಡುತ್ತಾಳೆ. ಮೂರು ರಿಬ್ಬನ್‌ಗೆ ಸಾಕಾಗುತ್ತದೆ. ನಾಲ್ಕನೆಯದಕ್ಕೆ ಎದ್ದು ಹೋಗಿ ಬೇರೆ ದಾರ ತರುತ್ತಾಳೆ.