ಸ್ಟ್ರೋಕ್ ಆದಮೇಲೆ ನನಗೆ ಎಡತೋಳು ಕಾಣುತ್ತಿರಲಿಲ್ಲ

ಮಂಡ್ಯದಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಹೋದ ವರ್ಷ ಸ್ಟ್ರೋಕ್ ಆಯಿತು, ಮಿದುಳಿನ ಬಲಭಾಗಕ್ಕೆ. ಎಡಗೈ, ಎಡಗಾಲು ಎರಡೂ ಸೋತವು. ಮೂರು ತಿಂಗಳ ಫಿಸಿಯೋಥೆರಪಿಯಲ್ಲಿ ನಡಿಗೆ ಬಂತು, ಬಟ್ಟೆ ಹಿಡಿಯುವಷ್ಟು ಕೈಯೂ ಬಂತು. ಸರಿಹೋದೆ ಅಂದುಕೊಂಡು ಮಿಷನ್ ಮುಂದೆ ಕೂತೆ. ಪಕ್ಕದ ಮನೆಯವರ ಬ್ಲೌಸು. ಬಲತೋಳು ಕೂಡಿಸಿ, ಪಕ್ಕ ಹೊಲಿದು, ಹುಕ್ಸ್ ಕೂಡ ಹಾಕಿ ಮಡಚಿಟ್ಟೆ. ಎಡತೋಳು ಮೇಜಿನ ಎಡಗಡೆ ಹಾಗೇ ಬಿದ್ದಿತ್ತು. ಮಗಳು ಕೈಗೆ ಕೊಡುವವರೆಗೆ ಅದು ನನಗೆ ಕಾಣಲೇ ಇಲ್ಲ.

ಕೈಕಾಲು ಬಂದರೆ ಎಲ್ಲ ಬಂತು ಅಂತ ಮನೆಯವರೂ ನಂಬಿದ್ದರು, ನಾನೂ ನಂಬಿದ್ದೆ. ಮೈಸೂರಿನಲ್ಲಿ ಡಾಕ್ಟರು ನೆನಪು, ಗಮನ ಎಷ್ಟಿದೆ ಅಂತ ನೋಡುವ ಮೋಕಾ ಅನ್ನುವ ಪರೀಕ್ಷೆ ಮಾಡಿಸಿದರು, ಒಟ್ಟು 30 ಅಂಕ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ನಾನು ಬರೆದದ್ದರಲ್ಲಿ ಹನ್ನೆರಡೂ ಅಂಕಿ ಬಲಗಡೆಗೇ ಒತ್ತಿಕೊಂಡಿದ್ದವು. 26 ಬಂದರೆ ಚೆನ್ನ, ನನಗೆ 19. ಕಣ್ಣು ಸರಿಯಾಗಿದೆ, ಮಿದುಳು ಎಡಗಡೆಯನ್ನು ಗಮನಿಸುವುದನ್ನೇ ಬಿಟ್ಟಿದೆ, ಕೆಲಸದ ಸರದಿಯೂ ತಪ್ಪುತ್ತಿದೆ ಅಂದರು.

ಇದಕ್ಕೆ ಬಾದುವಾನ್‌ಜಿನ್ ಅನ್ನುವುದನ್ನು ತೋರಿಸಿದ್ದು ಅಲ್ಲಿನ ಫಿಸಿಯೋಥೆರಪಿಸ್ಟ್. ಚೀನಾದ ವ್ಯಾಯಾಮ, ಸಾಂಗ್ ರಾಜರ ಕಾಲದಿಂದಲೂ ಇದೆ. ಬಾ ಅಂದರೆ ಎಂಟು, ದುವಾನ್ ಅಂದರೆ ತುಂಡು, ಜಿನ್ ಅಂದರೆ ಚಿತ್ತಾರ ನೇಯ್ದ ರೇಷ್ಮೆ. ಎಂಟು ತುಂಡು ರೇಷ್ಮೆ! ರೇಷ್ಮೆ ಕತ್ತರಿಸಿಯೇ ಬದುಕಿದವಳಿಗೆ ಆ ಹೆಸರು ಕೇಳಿದ್ದೇ ಮನಸ್ಸು ಹಿಡಿಯಿತು.

ಆತುರ ಮಾಡಿದ್ದು ನನ್ನ ತಪ್ಪು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಅದರ ಎಂಟು ಚಲನೆಗಳನ್ನೂ ಒಂದೇ ವಾರದಲ್ಲಿ ಕಲಿಯಲು ಹೋದೆ. ಆರನೆಯದರಲ್ಲಿ ಬಗ್ಗಿ ಪಾದ ಮುಟ್ಟಬೇಕು. ತಲೆ ಸುತ್ತಿತು, ಮಗಳು ಹಿಡಿಯದಿದ್ದರೆ ಬೀಳುತ್ತಿದ್ದೆ. ಅವತ್ತು ತುಂಬಾ ಅತ್ತೆ. ಆಮೇಲೆ ವಾರಕ್ಕೆ ಒಂದೇ, ಹಿಂದೆ ಕುರ್ಚಿ, ಎಡಗಡೆ ಮಗಳು.

ಎರಡನೆಯದು ಬಿಲ್ಲು ಎಳೆದು ಹದ್ದಿಗೆ ಗುರಿಯಿಡುವುದು. ಚಾಚಿದ ಕೈಬೆರಳನ್ನು ಕಣ್ಣು ಬಿಡದೆ ನೋಡಬೇಕು. ಬಲಗಡೆ ಸಲೀಸು. ಎಡಗಡೆ ತಿರುಗಿದರೆ ಕಣ್ಣು ಅರ್ಧ ದಾರಿಯಿಂದ ವಾಪಸ್ ಬರುತ್ತಿತ್ತು. ಎಡಗಡೆ ಕಿಟಕಿಯ ಸರಳಿಗೆ ಕೆಂಪು ಜರಿ ಅಂಚಿನ ತುಂಡೊಂದನ್ನು ಕಟ್ಟಿದೆ. "ಹದ್ದು ಅಲ್ಲಿದೆ ಅಮ್ಮ, ಇನ್ನೂ ಸ್ವಲ್ಪ ಆಚೆ" ಅಂತ ಮಗಳು ಹೇಳುವಳು. ಅದು ಸುಮ್ನೆ ಕಣ್ಣಿಗೆ ಬೀಳುವ ಹಾಗಾಗಲು ಮೂರು ವಾರ ಬೇಕಾಯಿತು.

ಸರದಿ ನೆನಪಿಡಲು ಒಂದೊಂದಕ್ಕೂ ನಾನೇ ಹೆಸರಿಟ್ಟುಕೊಂಡೆ: ಆಕಾಶ ಎತ್ತು, ಬಿಲ್ಲು ಎಳೆ, ಒಂದು ಕೈ ಮೇಲೆ, ಹಿಂದೆ ನೋಡು, ಹೀಗೆ. ಜೋರಾಗಿ ಹೇಳಿಕೊಂಡೇ ಮಾಡುತ್ತಿದ್ದೆ. ಮರೆತರೂ ಹೇಳಿಕೊಡಬೇಡ ಅಂತ ಮಗಳಿಗೆ ಕಟ್ಟುಮಾಡಿದ್ದೆ. ಕೆಲವು ದಿನ ನಾಲ್ಕನೆಯದಾದ ಮೇಲೆ ಎರಡು ನಿಮಿಷ ಹಾಗೇ ನಿಂತಿರುತ್ತಿದ್ದೆ, ಅವಳ ಬಾಯಿ ತುದಿಯವರೆಗೆ ಬಂದ ಮಾತನ್ನು ಅವಳು ನುಂಗಿಕೊಳ್ಳುವುದೂ ಗೊತ್ತಾಗುತ್ತಿತ್ತು.

ಮೂರನೆಯದು ಹೊಟ್ಟೆಗೆ ಒಳ್ಳೆಯದು, ಐದನೆಯದು ಹೃದಯದ "ಬೆಂಕಿ" ಇಳಿಸುತ್ತದೆ ಅಂತ ಚೀನಾದವರ ಲೆಕ್ಕ. ನಾನು ಆ ಕಡೆ ಹೋಗಲಿಲ್ಲ. ವಾಕಿಂಗ್ ಮಾಡುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ ಅಲ್ವಾ, ಇಲ್ಲಿ ಹೋಗುವ ಹಾಗಿಲ್ಲ. ಕೈ, ಕಣ್ಣು, ಉಸಿರು, ಮುಂದಿನದು ಯಾವುದು ಅನ್ನುವ ನೆನಪು, ನಾಲ್ಕನ್ನೂ ನಿಧಾನವಾಗಿ ಒಟ್ಟಿಗೆ ಹಿಡಿಯಬೇಕು. ನನಗೆ ಜಾಸ್ತಿ ಕೆಲಸ ಮಾಡಿದ್ದು ಅದೇ ಅನ್ನಿಸುತ್ತದೆ. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಫಿಸಿಯೋಥೆರಪಿ ಯಾವುದನ್ನೂ ಬಿಡಲಿಲ್ಲ, ನೀವೂ ಬಿಡಬೇಡಿ. ಡಾಕ್ಟರನ್ನು ಕೇಳದೆ ಶುರುಮಾಡಲೂ ಬೇಡಿ.

ನಾಲ್ಕು ತಿಂಗಳ ಮೇಲೆ ಮೋಕಾದಲ್ಲಿ 23 ಬಂತು. ಗಡಿಯಾರದ ಒಂಬತ್ತು ಅದರ ಜಾಗದಲ್ಲೇ ಇತ್ತು. ಈಗ ವಾರಕ್ಕೆ ಎರಡು ಬ್ಲೌಸ್ ಹೊಲಿಯುತ್ತೇನೆ, ಎಡತೋಳನ್ನೇ ಮೊದಲು ಕೂಡಿಸುತ್ತೇನೆ. ಆರನೆಯದರಲ್ಲಿ ಮಾತ್ರ ಇನ್ನೂ ಬಗ್ಗುವುದಿಲ್ಲ, ಕುರ್ಚಿಯಲ್ಲಿ ಕೂತು ಮೊಣಕಾಲಿನವರೆಗೆ ಕೈ ಇಳಿಸುತ್ತೇನೆ.